ಸುಜುವಿನ ಏಳನೆಯ ವರ್ಷದ ಹನ್ನೆರಡು ಫೋಟೋಗಳು

ಸುಜುವಿನ ಏಳನೆಯ ವರ್ಷದ ಫೋಟೋ ತೆಗೆಯುವವನು ತಾನೇ ಎಂದು ಇನುಕಾಯಿ ಘೋಷಿಸಿದ್ದು ಆಸ್ಪತ್ರೆಯಲ್ಲಿ, ಅವಳ ಅಪ್ಪ ತೆತ್ಸುರೊನ ಹಾಸಿಗೆಯ ಪಕ್ಕದಲ್ಲಿ ನಿಂತು. ಮೂರು ತುಂಬಿದಾಗ ಮಗಳನ್ನು ಸಿಂಗರಿಸಿ, ದೇವರಿಗೆ ತೋರಿಸಲು ಗುಡಿಗೆ ಕರೆದೊಯ್ದು, ತನ್ನ ಎರಡು ಮಸೂರದ ಹಳೆಯ ಕ್ಯಾಮೆರಾದಲ್ಲಿ ತೆತ್ಸುರೊ ತೆಗೆದ ಫೋಟೋ ಮನೆಯ ಗೋಡೆಯ ಮೇಲಿತ್ತು. ಪದ್ಧತಿಯ ಪ್ರಕಾರ ಏಳು ತುಂಬಿದಾಗ ಮತ್ತೊಮ್ಮೆ ಹೋಗಬೇಕು. ಆಗ ತಾನಿರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"ಅದನ್ನ ನನಗೆ ಬಿಡು," ಎಂದ ಇನುಕಾಯಿ.

ತೆತ್ಸುರೊ ಗೆಳೆಯನನ್ನೇ ತುಸು ಹೊತ್ತು ನೋಡಿದ. "ನನ್ನ ಮದುವೇಲಿ ನೀನು ತೆಗೆದ ಒಂದು ಫೋಟೋದಲ್ಲೂ ನನಗೆ ತಲೆಯಿಲ್ಲ ಕಣೋ."

"ಮದುವೆ ಆಗೋನಿಗೆ ತಲೆ ಎಲ್ಲಿಂದ ಬರ್ಬೇಕು?"

ನಗು ಕೆಮ್ಮಾಯಿತು, ಕೆಮ್ಮಿಗೆ ನರ್ಸ್ ಬಂದಳು, ಇನುಕಾಯಿ ಹೊರಬಿದ್ದ. ಚಳಿಗಾಲ ಮುಗಿಯುವಷ್ಟರಲ್ಲಿ ತೆತ್ಸುರೊ ಹೋಗಿಬಿಟ್ಟ. ಕ್ಯಾಮೆರಾ ಇನುಕಾಯಿಯ ಮನೆಗೆ ಬಂತು.

ಎರಡು ವರ್ಷ ಅವನು ಮಾಡಿದ ಸಾಧನೆ ಸಾಮಾನ್ಯದ್ದಲ್ಲ. ನೀರು ಸರಬರಾಜು ಕಚೇರಿಯಿಂದ ಬಂದವನೇ ಕ್ಯಾಮೆರಾವನ್ನು ಎದೆಗೆ ತೂಗುಹಾಕಿಕೊಂಡು, ತಲೆ ಬಗ್ಗಿಸಿ, ಅದರ ನೆತ್ತಿಯ ಮೇಲಿನ ಮಂಜುಗಾಜಿನೊಳಗೆ ಇಣುಕುತ್ತಿದ್ದ. ಎಲೆಕೋಸು, ಕೊಡೆ, ಪಕ್ಕದ ಮನೆಯ ಮುದಿ ನಾಯಿ, ಯಾವುದನ್ನೂ ಬಿಡಲಿಲ್ಲ. ಆ ನಾಯಿಯ ಬಳಿ ಈಗ ಇರುವಷ್ಟು ಭಾವಚಿತ್ರಗಳು ಊರಿನ ಮೇಯರ್ ಬಳಿ ಇರಲಾರವು. ನಾಯಿ ಎಡಕ್ಕೆ ಹೋದರೆ ಗಾಜಿನಲ್ಲಿ ಬಲಕ್ಕೆ ಹೋಗುತ್ತಿತ್ತು. ಮೊದಮೊದಲು ಅವನಿಗೆ ತಲೆ ಸುತ್ತಿ ಬರುತ್ತಿತ್ತು, ಆಮೇಲೆ ರೂಢಿಯಾಯಿತು. ಎಷ್ಟು ರೂಢಿಯಾಯಿತೆಂದರೆ, ಪೂರ್ತಿ ಮರೆತೇಹೋಯಿತು.

ನವೆಂಬರಿನ ಒಂದು ಬೆಳಗ್ಗೆ ಎಲ್ಲರೂ ಗುಡಿಗೆ ಹೋದರು. ಸುಜುವಿಗೆ ಕೆಂಪು ಕಿಮೊನೊ ಉಡಿಸಿದ್ದು ಇನುಕಾಯಿಯ ಹೆಂಡತಿ ನೊಬುಯೊ. ಮೂವತ್ತು ವರ್ಷದಿಂದ ಬಂಧುಬಳಗದ ಮಕ್ಕಳಿಗೆಲ್ಲ ಉಡಿಸಿದ ಕೈ ಅವಳದು. ಸುಜುವಿನ ಅಮ್ಮ ಚಿಜುರು ಪ್ರಾರ್ಥನೆಗೆ ಹೆಸರು ಬರೆಸಲು ಒಳಗೆ ಹೋದಳು. ಹೋಗುವ ಮುಂಚೆ ಒಂದೇ ಮಾತು ಹೇಳಿದ್ದಳು: ಮೊಬೈಲಿನಲ್ಲಿ ಬೇಕಾದಷ್ಟು ತೆಗೆಯಿರಿ, ಆದರೆ ಸುಜುವಿನ ಅಪ್ಪನ ಪಟದ ಮುಂದೆ ಇಡುವುದಕ್ಕೆ ಅವರ ಕ್ಯಾಮೆರಾದ್ದೇ ಒಂದು ಬೇಕು.

ಇನುಕಾಯಿ ತಂದಿದ್ದದ್ದು ಒಂದೇ ರೋಲ್. ಗುರಿ ಬಲ್ಲವನಿಗೆ ಹನ್ನೆರಡು ಫೋಟೋ ಧಾರಾಳ ಎಂಬುದು ಅವನ ವಾದ. ಹಳದಿ ಗಿಂಕೊ ಮರದ ಕೆಳಗೆ ಮಗುವನ್ನು ನಿಲ್ಲಿಸಿ ಗಾಜಿನೊಳಗೆ ಬಗ್ಗಿದ. ಬಗ್ಗಿದವನ ಬೆರಳು ಗುಂಡಿಯ ಮೇಲೇ ನಿಂತಿತು.

ಎದೆಯ ಮೇಲೆ ಒಂದರ ಮೇಲೊಂದು ಬರುವ ಕಿಮೊನೊದ ಎರಡು ಸೆರಗುಗಳಲ್ಲಿ ಬಲದ್ದು ಮೇಲಿತ್ತು. ಬದುಕಿರುವವರು ಎಡ ಸೆರಗನ್ನು ಮೇಲೆ ತಂದು ಉಡುತ್ತಾರೆ. ಬಲ ಸೆರಗು ಮೇಲೆ ಬರುವುದು ಶವಕ್ಕೆ ಉಡಿಸುವಾಗ ಮಾತ್ರ. ಹಾಗೆ ಉಡಿಸಿದ್ದನ್ನು ಇನುಕಾಯಿ ಕೊನೆಯ ಬಾರಿ ನೋಡಿದ್ದು ಬಿಳಿ ಬಟ್ಟೆಯಲ್ಲಿ ಮಲಗಿದ್ದ ತೆತ್ಸುರೊನ ಎದೆಯ ಮೇಲೆ.

ಅವನು ಹೆಂಡತಿಯನ್ನು ಮರದ ಹಿಂದಕ್ಕೆ ಕರೆದ. "ಇದೇನು ಉಡಿಸಿದೀಯ ನೀನು?"

"ಯಾಕ್ರೀ? ಸರಿಯಾಗೇ ಉಡಿಸಿದೀನಿ."

"ಬಾ, ನೀನೇ ನೋಡು."

ನೊಬುಯೊ ಆ ಗಾಜಿನೊಳಗೆ ಜನ್ಮದಲ್ಲಿ ಮೊದಲ ಬಾರಿಗೆ ಇಣುಕಿದಳು. ಅವಳ ಮುಖ ಸುಜುವಿನ ಕಾಲುಚೀಲದಷ್ಟು ಬಿಳುಚಿಕೊಂಡಿತು. ಎದುರಿಗೆ ನಿಂತ ಮಗುವಿನ ಎಡ ಯಾವುದು, ತನ್ನ ಎಡ ಯಾವುದು ಎಂಬುದೇ ಗೊಂದಲವಾಯಿತು. ಬೆಳಗ್ಗೆ ಉಡಿಸುವಾಗ ಕಣ್ಣು ಮಂಜಾಗಿತ್ತು, ಹಾಗಾಗಿ ಎಡವಟ್ಟಾಯಿತೇನೋ ಎಂದು ತನ್ನನ್ನೇ ಬೈದುಕೊಂಡಳು. ಚಿಜುರು ಬರುವಷ್ಟರಲ್ಲಿ ಸರಿಮಾಡಬೇಕೆಂದು ಇಬ್ಬರೂ ಸುಜುವನ್ನು ಗುಡಿಯ ಕಚೇರಿಯ ಹಿಂದಕ್ಕೆ ಎಳೆದುಕೊಂಡು ಓಡಿದರು. ಒಂದೂವರೆ ಆಳುದ್ದದ ಸೊಂಟಪಟ್ಟಿ ಬಿಚ್ಚಿತು, ದಾರಗಳು ಬಿಚ್ಚಿದವು. ನೊಬುಯೊ ನಡುವೆ ಒಮ್ಮೆ ನಿಂತು, "ಕೈ ಒಪ್ತಾ ಇಲ್ಲ ಕಣ್ರೀ," ಎಂದಳು. ಕೈ ಮರೆತೀತು, ಕ್ಯಾಮೆರಾ ಮರೆಯುವುದಿಲ್ಲ ಎಂದು ಇನುಕಾಯಿ ಅಪ್ಪಣೆ ಕೊಡಿಸಿದ. ಸುಜು ಎರಡು ಸಲ ಬಾಯಿ ತೆರೆದಳು. ಏಳು ತುಂಬಿದವರು ದೊಡ್ಡವರು ಹೇಳಿದಂತೆ ಗೊಂಬೆಯ ಹಾಗೆ ನಿಲ್ಲಬೇಕು ಎಂದು ಎರಡು ಸಲವೂ ಹೇಳಿ ಮುಚ್ಚಿಸಿದ.

ಈಗ ಗಾಜಿನಲ್ಲಿ ಎಲ್ಲವೂ ಸರಿಯಿತ್ತು. ಗಾಳಿ ನಿಂತಿತ್ತು, ಬಿಸಿಲು ಹದವಾಗಿತ್ತು. ಇನುಕಾಯಿ ಒಂದೊಂದಾಗಿ ಹನ್ನೆರಡನ್ನೂ ಹೊಡೆದ. ಹನ್ನೆರಡನೆಯದು ಮುಗಿದಾಗ ಚಿಜುರು ಹೊರಗೆ ಬಂದಳು.

ಮಗಳ ಎದೆಯ ಮೇಲೆ ಅವಳ ಕಣ್ಣು ನಿಂತಿತು. ಗಂಡನಿಗೆ ಕೊನೆಯ ಬಟ್ಟೆ ಉಡಿಸುವಾಗ ಪಕ್ಕದಲ್ಲಿ ಕೂತಿದ್ದವಳು ಅವಳು. ಇನುಕಾಯಿ ಕ್ಯಾಮೆರಾದಿಂದ ತಲೆಯೆತ್ತಿ, ಬರಿಗಣ್ಣಿನಿಂದ ಮಗುವನ್ನು ನೋಡಿದ. ಈಗ ನಿಜವಾಗಿಯೂ ಬಲ ಸೆರಗೇ ಮೇಲಿತ್ತು.

"ಆ ಗಾಜಲ್ಲಿ ಎಲ್ಲ ಅದಲುಬದಲು ಕಾಣುತ್ತೆ ಮಾಮ," ಎಂದಳು ಸುಜು. "ಅಪ್ಪ ತೋರಿಸಿದ್ರು."

"ಮೊದಲೇ ಯಾಕೆ ಹೇಳಲಿಲ್ಲ?"

"ಗೊಂಬೆ ಮಾತಾಡಲ್ವಲ್ಲ."

ಇನುಕಾಯಿ ಸೊಂಟ ಬಗ್ಗಿಸಿ ಕ್ಷಮೆ ಕೇಳಿದ, ಮತ್ತೆ ಕೇಳಿದ. ಚಿಜುರು ನೆಲದ ಮೇಲೆ ಮಂಡಿಯೂರಿ ಮಗಳ ಸೊಂಟಪಟ್ಟಿ ಬಿಚ್ಚುತ್ತಿದ್ದಳು. ಪ್ರಾರ್ಥನೆಗೆ ಹೊತ್ತಾಯಿತು ಎಂದಷ್ಟೇ ಹೇಳಿದಳು.

ರೋಲನ್ನು ಇನುಕಾಯಿ ಮನೆಯಲ್ಲಿ ಕಾಲುಚೀಲಗಳ ಅಡಿಯಲ್ಲಿ ಹೂತುಹಾಕಿದ. ಮೂರು ವಾರ ನಾಯಿಯ ಫೋಟೋ ಕೂಡ ತೆಗೆಯಲಿಲ್ಲ. ಸತ್ತ ಗೆಳೆಯನಿಗೆ ಕೊಟ್ಟ ಮಾತನ್ನು ಹೀಗೂ ಕೆಡಿಸಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಕೊನೆಗೆ ನೊಬುಯೊಳೇ ಅದನ್ನು ಹುಡುಕಿ ತೆಗೆದು, ಹೇಗಿದ್ದರೂ ಅದರೊಳಗೆ ಇರುವುದು ಸುಜುವೇ ತಾನೇ ಎಂದು, ಸ್ಟೇಷನ್ ಹತ್ತಿರದ ಸ್ಟುಡಿಯೋಗೆ ಕೊಟ್ಟು ಬಂದಳು.

ಪ್ರಿಂಟುಗಳು ಬಂದಾಗ ಗಂಡ ಹೆಂಡತಿ ಇಬ್ಬರೂ ಕಣ್ಣುಜ್ಜಿಕೊಂಡರು. ಹನ್ನೆರಡರಲ್ಲೂ ಎಡ ಸೆರಗೇ ಮೇಲೆ. ಲಕೋಟೆಯೊಳಗೆ ಸ್ಟುಡಿಯೋದ ಮುದುಕನ ಚೀಟಿಯಿತ್ತು: "ಕಿಮೊನೊ ನೋಡಿ, ಫಿಲಂ ನನ್ನ ಕೈಯಲ್ಲಿ ಮಗುಚಿಕೊಂಡಿದೆಯೆಂದು ತಿಳಿಯಿತು. ಮಗುವಿಗೆ ಅಪಶಕುನವಾಗಬಾರದೆಂದು ಎಲ್ಲವನ್ನೂ ತಿರುಗಿಸಿ ಪ್ರಿಂಟ್ ಹಾಕಿದ್ದೇನೆ. ನನ್ನ ಅಜಾಗರೂಕತೆಯನ್ನು ದಯವಿಟ್ಟು ಕ್ಷಮಿಸಬೇಕು."

ಚೀಟಿಯನ್ನು ಜೇಬಿಗೆ ಸೇರಿಸುವ ಯೋಚನೆ ಇನುಕಾಯಿಗೆ ಬರಲಿಲ್ಲವೆಂದರೆ ಸುಳ್ಳು. ಆದರೆ ನೊಬುಯೊ ಅದನ್ನು ಫೋಟೋಗಳ ಮೇಲೆಯೇ ಇಟ್ಟು ಚಿಜುರುವಿಗೆ ಕೊಟ್ಟಳು. ಚಿಜುರು ಓದಿದಳು, ಫೋಟೋಗಳನ್ನು ಒಂದೊಂದಾಗಿ ನೋಡಿದಳು. ಸುಜು ಅಮ್ಮನ ತೋಳಿನ ಕೆಳಗೆ ತೂರಿದಳು.

"ನನ್ನ ಹಲ್ಲು ಬಿದ್ದ ಜಾಗ ಆ ಕಡೆ ಹೋಗಿದೆ," ಎಂದಳು. ಇನ್ನೂ ಸ್ವಲ್ಪ ಹೊತ್ತು ನೋಡಿ, "ಅಪ್ಪ ಗಾಜಲ್ಲಿ ಬಗ್ಗಿ ನೋಡೋವಾಗ ನಾನು ಅವರಿಗೆ ಹೀಗೇ ಕಾಣ್ತಿದ್ದೆ, ಅಲ್ವಾ ಅಮ್ಮ?"

ಚಿಜುರು ಒಂದು ಫೋಟೋ ಆರಿಸಿ ಗಂಡನ ಪಟದ ಮುಂದೆ ಒರಗಿಸಿ, ಪುಟ್ಟ ಗಂಟೆ ಬಾರಿಸಿ, ಬಹಳ ಹೊತ್ತು ಕೈಮುಗಿದಳು. ಎದ್ದಾಗ ಅವಳ ಮುಖ ಹಗುರಾಗಿತ್ತು. ಒಳಗಿನಿಂದ, ಬಟ್ಟೆಯಲ್ಲಿ ಅಂದವಾಗಿ ಕಟ್ಟಿದ ಸಿಹಿಯ ಡಬ್ಬಿಯೊಂದನ್ನು ತಂದಳು.

"ಇದು ಇಷ್ಟು ಚೆನ್ನಾಗಿ ಫೋಟೋ ಮಾಡಿಕೊಟ್ಟವರಿಗೆ," ಎಂದಳು.

ಇನುಕಾಯಿ ಗಂಟಲು ಸರಿಮಾಡಿಕೊಂಡು, ಇದೆಲ್ಲ ಯಾಕೆ ಎನ್ನುತ್ತ, ಎರಡೂ ಕೈ ಚಾಚಿ ಡಬ್ಬಿಯನ್ನು ತೆಗೆದುಕೊಂಡ.

"ಸ್ಟೇಷನ್ ನಿಮ್ಮ ದಾರಿಯಲ್ಲೇ ಅಲ್ವಾ ಇನುಕಾಯಿಯವರೇ," ಎಂದಳು ಚಿಜುರು. "ಹೋಗ್ತಾ ಆ ಸ್ಟುಡಿಯೋ ಅಜ್ಜನಿಗೆ ಕೊಟ್ಟುಬಿಡಿ."