ಹೂ ಮುಡಿದ ಫಿಲ್ಟರ್

ತಪ್ಪು ನಂಜೇಶನದ್ದೇ. ವ್ಯಾಕ್ಯೂಮ್ ಕ್ಲೀನರಿನ ಮೂತಿಯನ್ನು ದೇವರ ಗೂಡಿನ ಹತ್ತಿರ ಒಯ್ಯಬಾರದಾಗಿತ್ತು. ಗೂಡಿನ ಮೂಲೆಯ ಜೇಡರ ಬಲೆ ಎಳೆಯೋಣ ಅಂತ ಹೋದ. ಮಿಷನ್ನು ಬಲೆಯನ್ನು ಹಾಗೇ ಬಿಟ್ಟು, ತಟ್ಟೆಯಲ್ಲಿದ್ದ ಅರ್ಧ ಸೇರು ವಿಭೂತಿ ಪುಡಿಯನ್ನು ಒಂದೇ ಉಸಿರಿಗೆ ಎಳೆದುಕೊಂಡಿತು. ಆಮೇಲೆ ಎರಡು ಸಲ ಕೆಮ್ಮಿತು. ಹಿಂಬದಿಯಿಂದ ಬೆಳ್ಳಗೆ ಹೊಗೆ ಬಿಟ್ಟಿತು. ಅಲ್ಲಿಂದ ಮುಂದೆ ಬರೀ ಕೂಗಾಟ, ಕಸ ಎಳೆಯುವ ಮಾತಿಲ್ಲ.

ಶನಿವಾರ ಬೆಳಿಗ್ಗೆ ಎಂಟೂವರೆ. ಬಾಣಂತನ ಮುಗಿಸಿಕೊಂಡ ಹೆಂಡತಿ ಬಿಂದುಶ್ರೀ, ಐದು ತಿಂಗಳ ಮಗಳು, ಅತ್ತೆ ಚನ್ನಬಸಮ್ಮ, ಮೂವರೂ ಅವತ್ತು ಸಂಜೆ ಹೆಡತಲೆಯಿಂದ ನರಸೀಪುರಕ್ಕೆ ಬರುವವರಿದ್ದರು. ಸೋಮವಾರದಿಂದ ಬಿಂದುಶ್ರೀಗೆ ಶಾಲೆಯ ಕೆಲಸ. ಅತ್ತೆ ಒಂದು ವರ್ಷ ಇಲ್ಲೇ ಇದ್ದು ಮಗು ನೋಡಿಕೊಳ್ಳುವುದು ಅಂತ ಮಾತಾಗಿತ್ತು. ಆದರೆ ಹೋದ ತಿಂಗಳು ಮನೆ ನೋಡಲು ಬಂದ ಅತ್ತೆ ಒಂಬತ್ತು ಸಲ ಸೀನಿ, ಕಾಫಿಯನ್ನೂ ಮುಟ್ಟದೆ ವಾಪಸ್ಸು ಬಸ್ಸು ಹತ್ತಿದ್ದರು.

"ಅವ್ವಂಗೆ ಧೂಳು ಆಗಲ್ಲ ಕಣ್ರೀ," ಎಂದಿದ್ದಳು ಬಿಂದುಶ್ರೀ ಫೋನಿನಲ್ಲಿ. "ಇನ್ನೊಂದು ಸೀನು ಬಂತೂ ಅಂದ್ರೆ ಒಂದು ಗಳಿಗೆ ನಿಲ್ಲಲ್ಲ. ಅವ್ರು ನಿಲ್ಲಲಿಲ್ಲ ಅಂದ್ರೆ ಸೋಮವಾರದಿಂದ ಮಗು ನಿಮ್ದು. ನಿಮಗೇನು, ಹಾಜರಿ ಹಾಕೋ ಕೆಲಸವಾ?"

ನಂಜೇಶ ಇನ್ಶೂರೆನ್ಸ್ ಏಜೆಂಟ್. ಊರೂರು ಸುತ್ತುವುದೇ ಅವನ ಕೆಲಸ, ನೋಡುವವರ ಕಣ್ಣಿಗೆ ಅದು ತಿರುಗಾಟ. ಮಗಳೆಂದರೆ ಪ್ರಾಣವೇ ಸರಿ. ಆದರೆ ಇದುವರೆಗೆ ಅವಳನ್ನು ಒಮ್ಮೆಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಎತ್ತಿಕೊಂಡವನಲ್ಲ. ಹನ್ನೊಂದನೇ ನಿಮಿಷದಲ್ಲಿ ಅವಳು ಕಿರುಚುತ್ತಿದ್ದಳು, ಇವನಿಗೆ ಬೆವರು ಕಿತ್ತುಕೊಳ್ಳುತ್ತಿತ್ತು. ಅತ್ತೆ ನಿಲ್ಲಲೇಬೇಕು, ಬೇರೆ ದಾರಿಯೇ ಇಲ್ಲ.

ಮಿಷನ್ನಿನ ಕೂಗು ಕೇಳಿ ಎದುರುಮನೆಯ ನಿವೃತ್ತ ಮೇಷ್ಟ್ರು ಕಲ್ಲಯ್ಯ ಬಂದರು. ಅವರನ್ನು ಯಾರೂ ಕರೆಯಬೇಕಾಗಿರಲಿಲ್ಲ.

"ಫಿಲ್ಟರ್ ಕಟ್ಕೊಂಡದೆ ಕಣಯ್ಯ. ಬಿಚ್ಚು. ಬಕೆಟ್ಟಲ್ಲಿ ನೆನೆಹಾಕು, ಬಿಸ್ಲಲ್ಲಿ ಒಣಗ್ಸು. ಹೊಸಾದಂಗೆ ಆಯ್ತದೆ."

ನೆನೆಹಾಕಿದ. ತಾರಸಿಯ ಮೇಲೆ ಒಣಗಿಸಿದ. ಮಧ್ಯಾಹ್ನ ಹೋಗಿ ನೋಡಿದರೆ ಫಿಲ್ಟರು ಇಟ್ಟಿಗೆಯಾಗಿ ಕೂತಿದೆ. ವಿಭೂತಿ ಗಟ್ಟಿ ಮಾಡುವವರೂ ಇದನ್ನೇ ಮಾಡುತ್ತಾರೆ ಎಂಬುದು, ಹುಟ್ಟಿದಾಗಿನಿಂದ ಹಣೆಗೆ ಮೂರು ಪಟ್ಟೆ ಎಳೆದುಕೊಂಡು ಬಂದ ಈ ಇಬ್ಬರಿಗೂ ಹೊಳೆದಿರಲಿಲ್ಲ. ಮೇಷ್ಟ್ರು ಅದನ್ನು ಬೆರಳಿನಿಂದ ಕುಟ್ಟಿ ನೋಡಿ, "ನೀರು ಜಾಸ್ತಿ ಆಯ್ತು ಕಣಯ್ಯ, ನಿಂದೇ ತಪ್ಪು," ಎಂದರು.

ಹಾಳಾದ್ದು ಹೋಗಲಿ ಎಂದು ನಂಜೇಶ ಅದನ್ನು ಕಸದ ಬುಟ್ಟಿಗೆ ಹಾಕಲು ಹೋದ. ಪಕ್ಕದ ಮನೆಯ ಚಾಮುಂಡಮ್ಮ ಕಾಂಪೌಂಡಿನಾಚೆಯಿಂದಲೇ ಕಿರುಚಿದರು.

"ಅಯ್ಯಯ್ಯೋ! ವಿಭೂತೀನ ಕಸಕ್ಕೆ ಆಕ್ತಾರಾ? ನಿಮ್ಗೇನ್ ಬಂದದೆ ನಂಜೇಸಪ್ಪಾ! ಕೊಡಿ ಇತ್ಲಾಗೆ."

"ಅದ್ರೊಳಗೆ ಮನೆ ಕಸ ಎಲ್ಲಾ ಅದೆ ಕಣಮ್ಮ."

"ಕಸ ನೀವು ಆಕಿರೋದು. ವಿಭೂತಿ ಏನ್ ಮಾಡ್ತು ಪಾಪ?"

ನಂಜೇಶ ಅದನ್ನು ಕಾಂಪೌಂಡಿನ ಮೇಲಿಂದ ಅವರ ಕೈಗೆ ಕೊಟ್ಟ. ನಂಜನಗೂಡಿನಲ್ಲಿ ಹೊಸ ಫಿಲ್ಟರು ಸಿಗುವ ಅಂಗಡಿಯ ವಿಳಾಸ ಹುಡುಕಿ, ಬೈಕಿನ ಕೀ ಹಿಡಿದು ಹೊರಗೆ ಬಂದಾಗ ನೆನಪಾಯಿತು, ಅಳತೆಗೆ ಹಳೆಯದು ಬೇಕು. ಅಷ್ಟರಲ್ಲಿ ಚಾಮುಂಡಮ್ಮ ಅದಕ್ಕೆ ಕುಂಕುಮವಿಟ್ಟು, ಎರಡು ಕಣಗಿಲೆ ಹೂ ಏರಿಸಿ ಊದುಬತ್ತಿ ಹಚ್ಚಿಬಿಟ್ಟಿದ್ದರು. "ತಿರ್ಗಾ ತಂದ್ಕೊಡ್ಬೇಕು. ಹೂವ ತೆಗೀಬೇಡಿ," ಎಂದು ಪ್ರಮಾಣ ಮಾಡಿಸಿಕೊಂಡು, ಬಿಳಿ ಟವಲಿನಲ್ಲಿ ಸುತ್ತಿ ಕೊಟ್ಟರು.

ನಂಜನಗೂಡಿನ ಅಂಗಡಿಯ ರಾಹುಲ್ ಟವಲು ಬಿಚ್ಚಿದವನು ಹೂವನ್ನೊಮ್ಮೆ, ನಂಜೇಶನನ್ನೊಮ್ಮೆ ನೋಡಿ ನಕ್ಕ.

"ಸಾ, ಸ್ಯಾಂಪಲ್ಲಿಗೆ ಅಂತ ಜನ ಏನೇನೋ ತರ್ತಾರೆ. ಹೂ ಮುಡ್ಕೊಂಡ್ ಬಂದಿರೋ ಫಿಲ್ಟರ್ ಇದೇ ಮೊದ್ಲು."

"ನಗ್ಬೇಡಿ ಸಾ, ಅಳತೆ ತಗೊಳ್ಳಿ. ನಮ್ಮತ್ತೆ ಬತ್ತಾವ್ರೆ."

ಅತ್ತೆ ಎಂದದ್ದೇ ರಾಹುಲ್‌ನ ನಗು ನಿಂತಿತು. ಅವನೂ ಮದುವೆಯಾದವನೇ. ಒಳಗೆಲ್ಲ ಜಾಲಾಡಿ ಒಂದು ಫಿಲ್ಟರು ತಂದ. ನಂಜೇಶ ಅದನ್ನು ಕೈಗೆ ತೆಗೆದುಕೊಳ್ಳುವುದಕ್ಕೂ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು.

"ರೀ, ಬೇಗ ಹೊರಟ್ಬಿಟ್ವಿ. ನಂಜನಗೂಡಲ್ಲಿ ನರಸೀಪುರದ ಬಸ್ ಹತ್ತಿದ್ವಿ. ಮನೆ ಆಯ್ತಾ?"

"ಆಯ್ತು ಆಯ್ತು, ಫಳಫಳ ಅಂತದೆ," ಎಂದ ನಂಜೇಶ, ಅದೇ ನಂಜನಗೂಡಿನ ಅಂಗಡಿಯೊಳಗೆ ನಿಂತು.

ಅವರ ಬಸ್ಸನ್ನು ಹಿಂದೆ ಹಾಕುವಾಗ, ಕಿಟಕಿಯಿಂದ ಕಂಡುಬಿಟ್ಟಾರೆಂದು ತಲೆಯನ್ನು ಹ್ಯಾಂಡಲ್ಲಿನವರೆಗೂ ಬಗ್ಗಿಸಿದ. ಬಸ್ಸು ಸಿಕ್ಕಸಿಕ್ಕ ಊರಿನಲ್ಲೆಲ್ಲ ನಿಂತು ಬಂದದ್ದರಿಂದ ಅವನಿಗೆ ಅರ್ಧ ಗಂಟೆ ಮಿಕ್ಕಿತು. ಮನೆಗೆ ಬಂದು ಫಿಲ್ಟರು ಕೂರಿಸಿ ಗುಂಡಿ ಒತ್ತಿದ. ಮಿಷನ್ನು ಕೂಗಿತು, ಎಳೆಯಲಿಲ್ಲ. ನಂಜೇಶನಿಗೆ ಅಳುವೇ ಬಂದುಬಿಟ್ಟಿತು.

"ಮೋಟ್ರು ಓಯ್ತು," ಎಂದರು ಕೂಗು ಕೇಳಿ ಮತ್ತೆ ಬಂದಿದ್ದ ಮೇಷ್ಟ್ರು ನಿರಾಳವಾಗಿ.

ಟವಲಿನ ಗಂಟು ಈಸಿಕೊಳ್ಳಲು ಬಂದಿದ್ದ ಚಾಮುಂಡಮ್ಮ ಬಗ್ಗಿ ನೋಡಿದರು. "ಅದ್ಕೆ ಪ್ಲಾಸ್ಟಿಕ್ ಕವರು ಅಂಗೇ ಅದಲ್ಲಾ ಸಾಮಿ!"

ಕವರು ಕಿತ್ತ ಮೇಲೆ ಮಿಷನ್ನು ಎಳೆದ ರಭಸಕ್ಕೆ ಮೇಷ್ಟ್ರ ಪಂಚೆಯ ಚುಂಗು ಒಳಕ್ಕೆ ಹೋಯಿತು. ಅದನ್ನು ಬಿಡಿಸಿಕೊಂಡು ಮೂವರೂ ಮನೆಗೆ ಮುತ್ತಿಗೆ ಹಾಕಿದರು. ಫ್ಯಾನಿನ ರೆಕ್ಕೆ, ಕಿಟಕಿಯ ಸಂದು, ಬೀರುವಿನ ಹಿಂಬದಿ, ಮಂಚದ ಅಡಿ, ಒಂದನ್ನೂ ಬಿಡಲಿಲ್ಲ. ಆಟೋ ಬಂದು ನಿಂತಾಗ ನಂಜೇಶ ಮಿಷನ್ನಿನ ವೈರು ಸುತ್ತುತ್ತಿದ್ದ.

ಚನ್ನಬಸಮ್ಮ ಕಾಲು ತೊಳೆದು ಒಳಗೆ ಬಂದರು. ಉಸಿರೆಳೆದರು. ನಂಜೇಶ ಉಸಿರು ಬಿಗಿಹಿಡಿದ. ಸೀನು ಬರಲಿಲ್ಲ. ಕಿಟಕಿಯ ಸರಳಿಗೆ ಬೆರಳಾಡಿಸಿ ನೋಡಿದರು, ಬೀರುವಿನ ಹಿಂದೆ ಇಣುಕಿದರು, ಸೆರಗನ್ನೇ ನೆಲಕ್ಕೆ ಒತ್ತಿ ನೋಡಿದರು. ಆಗಲೂ ಸೀನಿಲ್ಲ. ನಂಜೇಶನಿಗೆ ಹಬ್ಬ ಮಾಡುವಷ್ಟು ಸಂತೋಷವಾಯಿತು.

"ಯಾರ್ ಮಾಡುದ್ದು ಇದ್ನೆಲ್ಲ?"

"ಇನ್ಯಾರು, ನಿಮ್ಮ ಅಳಿಯನೇ ಕಣಮ್ಮ," ಎಂದರು ಮೇಷ್ಟ್ರು ಎದೆಯುಬ್ಬಿಸಿ.

"ಇವತ್ತಾ?"

"ದಿನಾ!" ಚಾಮುಂಡಮ್ಮ ನಂಜೇಶನ ಕಡೆ ನೋಡಿ ಕಣ್ಣು ಮಿಟುಕಿಸಿದರು. "ನಾವೂ ನೋಡ್ತಾನೇ ಇದೀವಿ. ಎಂಗಸ್ರಿಗೂ ಬರಾಕಿಲ್ಲ ಇಂಗೆ."

ಚನ್ನಬಸಮ್ಮ ಕುರ್ಚಿಯಲ್ಲಿ ಕೂತು, ಕಾಫಿ ಕೇಳಿ ಕುಡಿದರು. ಲೋಟ ಕೆಳಗಿಟ್ಟು ಮಗಳ ಕಡೆ ತಿರುಗಿದರು.

"ನೋಡವ್ವ, ಓದ್ ತಿಂಗಳು ಈ ಮನೆ ಧೂಳ್ ನೋಡಿ ನಂಗೆ ಕರುಳು ಕಿತ್ತು ಬಂದಿತ್ತು. ಇದ್ರೊಳಗೆ ಕೂಸು ಎಂಗ್ ಬೆಳೆದಾತು, ಬೀಗರೇನಾರ ಅಂದ್ಕೊಳ್ಳಿ, ನಾನೇ ಬಂದು ಇರ್ಬೇಕು ಅಂತ, ಊರಲ್ಲಿ ಎಲ್ಲ ಯವಸ್ಥೆ ಮಾಡಾಕೆ ಅವತ್ತೇ ಓಡೋದೆ. ಸೀಮೆಹಸೀನ ನನ್ ತಮ್ಮನ ಕೊಟ್ಟಿಗೇಲಿ ಕಟ್ಟಿ ಬಂದಿವ್ನಿ. ರಾತ್ರಿಯೆಲ್ಲ ಅದ್ರದ್ದೇ ಯೋಚ್ನೆ."

"ಅಂದ್ರೆ, ಧೂಳು ಆಗಲ್ಲ ಅಂತ ಹೋಗಿದ್ದಲ್ವಾ ಅವ್ವ?" ಬಿಂದುಶ್ರೀ ಕಣ್ಣರಳಿಸಿದಳು.

"ಸೀನಿಗೆ ಎದ್ರುಕೊಂಡ್ರೆ ರಾಗಿ ಕಣ ಮಾಡಾಕಾಯ್ತದಾ? ಧೂಳಿದ್ದದ್ಕೇ ಕಣೇ ನಾನ್ ಬಂದದ್ದು. ಈಗ ನಂಗೇನದೆ ಇಲ್ಲಿ ಕೆಲ್ಸ? ಇಂಥಾ ಅಳಿಯಂದ್ರು ಇರೋವಾಗ ಕೂಸು ಅವ್ರ ಕೈಲೇ ಚೆಂದಾಗಿರ್ತದೆ. ನಿಂಗಿಂತ ವಾಸಿ." ಎದ್ದು ಚೀಲ ಕಂಕುಳಿಗೇರಿಸಿದರು. "ಆರ್ ಗಂಟೆ ಬಸ್ಸು ಸಿಕ್ತದೆ. ಅಸು ಕಾಯ್ತಿರ್ತದೆ ಪಾಪ."

"ಅತ್ತೇ!" ನಂಜೇಶ ಬಾಗಿಲಿಗೆ ಅಡ್ಡ ನಿಂತ. "ಇದೆಲ್ಲ ಇವತ್ತೊಂದು ದಿನ ಮಾಡಿದ್ದು, ನನ್ನಾಣೆ!"

"ನೋಡು, ಒಗಳಿದ್ರೆ ನಾಚ್ಕೊತಾರೆ," ಎಂದು ಚನ್ನಬಸಮ್ಮ ಇನ್ನಷ್ಟು ಮೆಚ್ಚಿದರು.

ಬಿಂದುಶ್ರೀ ಮಗುವನ್ನು ಅವನ ಕೈಗೆ ಕೊಟ್ಟು, ತಾಯಿಯನ್ನು ಬಸ್ಸಿಗೆ ಬಿಟ್ಟುಬರಲು ಚಪ್ಪಲಿ ಹುಡುಕತೊಡಗಿದಳು.

"ಒಂದ್ ನಿಮಿಷ ಅತ್ತೆ, ಒಂದೇ ನಿಮಿಷ! ಮಂಚದಡೀಲಿ ಧೂಳು ಉಳ್ದದೆ, ತೋರಿಸ್ತೀನಿ!"

ಮಗುವನ್ನು ಹೆಗಲಿಗೆ ಹಾಕಿಕೊಂಡೇ ನಂಜೇಶ ಮಂಡಿಯೂರಿ ಮಂಚದಡಿಗೆ ಕೈ ತೂರಿಸಿದ. ಈ ಮೂಲೆಯಿಂದ ಆ ಮೂಲೆಯವರೆಗೂ ತಡಕಿದ. ಒಂದು ಚಿಟಿಕೆಯೂ ಸಿಗಲಿಲ್ಲ.