ಜೋಳದ ಡಬ್ಬಿಯಲ್ಲಿ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ರಿಪೇರಿಗೆ ಬೇಕಾದದ್ದು ಧೈರ್ಯ. ತಿಳಿವಳಿಕೆ ಆಮೇಲೆ ತಾನಾಗಿ ಬರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಔರಾದ್ ತಾಲ್ಲೂಕಿನ ಎಕಂಬಾದಲ್ಲಿ ನಾನು ಗಣಿತದ ಮಾಸ್ತರ. ಒಮ್ಮೆ ಶಾಲೆಯ ಪ್ರೊಜೆಕ್ಟರಿನ ಸಡಿಲವಾದ ವಾಯರನ್ನು ಒತ್ತಿ ಕೂರಿಸಿದ್ದಕ್ಕೆ ಇಡೀ ಸ್ಟಾಫ್‌ರೂಮು ನನ್ನನ್ನು ‘ಕಂಪ್ಯೂಟರ್ ಸರ್’ ಎಂದು ಕರೆಯತೊಡಗಿತು. ಹಾಗೆ ಕರೆಸಿಕೊಂಡವನ ತಲೆ ನೆಟ್ಟಗಿರುವುದು ಕಷ್ಟ.

ಹೆಂಡತಿ ಪ್ರೇಮಲತಾ ಭಾಲ್ಕಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಬೀದರಿನ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ಹನ್ನೆರಡು ವರ್ಷ ದುಡಿದ ಮೇಲೆ ವಾರ್ಡಿನ ಮೇಲ್ವಿಚಾರಕಿಯಾಗುವ ಅವಕಾಶ ಬಂದಿತ್ತು. ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಮೂರಕ್ಕೆ ಆನ್‌ಲೈನ್ ಸಂದರ್ಶನ. ಫೋನ್ ನಡೆಯುವುದಿಲ್ಲ, ಲ್ಯಾಪ್‌ಟಾಪೇ ಬೇಕು ಎಂದು ಮೊದಲೇ ತಿಳಿಸಿದ್ದರು. ನಮ್ಮ ಹಳೆಯ ಲ್ಯಾಪ್‌ಟಾಪೋ, ಶಾಲೆಗೆ ರಜೆ ಶುರುವಾದಾಗಿನಿಂದ ಒಂದು ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಇನ್ನೂ ಯೋಚಿಸುತ್ತಲೇ ಇರುತ್ತಿತ್ತು.

“ಹಲಬರ್ಗಾದಿಂದ ನಮ್ಮ ಅಕ್ಕನ ಲ್ಯಾಪ್‌ಟಾಪ್ ತರಸ್ತೇನಿ ರಿ,” ಅಂದಳು ಶುಕ್ರವಾರ.

“ಮನ್ಯಾಗ ನಾ ಇದ್ದಾಗ ಮಂದಿ ಲ್ಯಾಪ್‌ಟಾಪ್ ಯಾಕ?” ಎಂದೆ.

ಪ್ರೊಸೆಸರ್ ಎಂದರೆ ಯಂತ್ರದ ಮಿದುಳು. ಅದರ ವೇಗ ತೋರಿಸುವ ಪುಟವನ್ನು ತೆರೆದು ನೋಡಿದರೆ, ಇರಬೇಕಾದದ್ದರ ಕಾಲುಭಾಗವೂ ಇರಲಿಲ್ಲ. ಬಿಸಿಯಾದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನವಾಗುತ್ತದೆ ಎಂದು ವಿಡಿಯೋದಲ್ಲಿ ಯಾರೋ ಹೇಳಿದ. ಬೀದರಿನ ಬಿಸಿಲಿಗೆ ನಾನೇ ನಿಧಾನವಾಗಿರುವಾಗ ಅದರದ್ದೇನು ತಪ್ಪು! ರೋಗ ಪತ್ತೆಯಾಯಿತು. ಕೈಯಿಂದ ಮುಟ್ಟಿ ನೋಡಿದ್ದರೆ ಅದು ತಣ್ಣಗಿರುವುದು ಗೊತ್ತಾಗುತ್ತಿತ್ತು. ಮುಟ್ಟಲಿಲ್ಲ.

ಹನ್ನೊಂದು ಸ್ಕ್ರೂ ಬಿಚ್ಚಿ, ಬಾಯಿಯಿಂದ ಧೂಳು ಊದಿದೆ. ಧೂಳು ನೇರವಾಗಿ ನನ್ನ ಕಣ್ಣಿಗೇ ಬಂತು. ಒಂದೇ ಕಣ್ಣಿನಿಂದ ಮುಚ್ಚಳ ಕೂಡಿಸಿದಾಗ ಮೂರು ಸ್ಕ್ರೂ ಉಳಿದವು. ಕಂಪನಿಯವರು ಸುಮ್ಮನೆ ಜಾಸ್ತಿ ಹಾಕಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ವೇಗ ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಶನಿವಾರ ಮುಂಜಾನೆ ಕೂಲರಿಗೆ ಕಂಠಮಟ್ಟ ನೀರು ತುಂಬಿ, ಲ್ಯಾಪ್‌ಟಾಪನ್ನು ಅದರ ಮುಂದಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಕೂಲರ್ ಹನಿ ಎರಚಿ ಅದಕ್ಕೂ ಸ್ನಾನ ಮಾಡಿಸಿತ್ತು. ಲ್ಯಾಪ್‌ಟಾಪ್ ಬಂದ್!

ನೀರು ಬಿದ್ದ ಫೋನನ್ನು ಅಕ್ಕಿಯಲ್ಲಿ ಹುಗಿದಿಡುವುದನ್ನು ಕೇಳಿದ್ದೆ. ಆದರೆ ಎರಡು ಹೊತ್ತೂ ರೊಟ್ಟಿ ತಿನ್ನುವ ಮನೆ ನಮ್ಮದು. ಅಕ್ಕಿ ಇದ್ದದ್ದು ಒಂದು ಬಟ್ಟಲು. ಜೋಳ ಮಾತ್ರ ದೊಡ್ಡ ಡಬ್ಬಿಯ ತುಂಬ! ಎರಡೂ ಧಾನ್ಯವೇ ತಾನೆ? ಗಣಿತದ ಮಾಸ್ತರನಿಗೆ ಈ ಸಮೀಕರಣ ಸರಿ ಕಂಡಿತು. ಹುಗಿದೇಬಿಟ್ಟೆ.

ಗಿರಣಿಗೆ ಕಳಿಸಲು ಜೋಳ ತೆಗೆಯಬಂದ ಪ್ರೇಮಲತಾ ಡಬ್ಬಿಯೊಳಗೆ ಕೈ ಹಾಕಿ ಬೆಚ್ಚಿದಳು.

“ಅಯ್ಯೋ! ಇದೇನ್ ಮಾಡ್ಲತ್ತೀರಿ?”

“ಚಿಕಿತ್ಸೆ,” ಎಂದೆ ಗಂಭೀರವಾಗಿ.

ಅವಳು ಡಬ್ಬಿಯ ಮುಚ್ಚಳ ಮುಚ್ಚಿ, ಫೋನ್ ತೆಗೆದುಕೊಂಡು ಹಿತ್ತಲಿಗೆ ಹೋದಳು. ನನ್ನ ಮಾತಿಗೆ ಒಪ್ಪಿದಳೆಂದು ತಿಳಿದು ನಾನು ಹಿಗ್ಗಿದೆ.

ಮಧ್ಯಾಹ್ನ ಎರಡು ಗಂಟೆಗೆ ಹೊರತೆಗೆದು ಗುಂಡಿ ಒತ್ತಿದೆ. ಚಾಲೂ ಆಯಿತು! ಅದರ ಹಿಂದೆಯೇ ಒಳಗಿನಿಂದ ಗಿರಣಿಯ ಸದ್ದೂ ಬಂತು. ಮೂರು ಸ್ಕ್ರೂ ಇಲ್ಲದ ಮುಚ್ಚಳದ ಸಂದಿಯಿಂದ ಜೋಳ ನುಗ್ಗಿ ಫ್ಯಾನಿಗೆ ಸಿಕ್ಕಿತ್ತು. ಲ್ಯಾಪ್‌ಟಾಪ್, ಚಾರ್ಜರ್ ಎರಡನ್ನೂ ಚೀಲಕ್ಕೆ ತುರುಕಿ, ಬೈಕ್ ಹತ್ತಿ ರಿಪೇರಿ ಅಂಗಡಿಯ ರಫೀಕ್ ಭಾಯಿ ಹತ್ತಿರ ಓಡಿದೆ. ಅವರು ಒಮ್ಮೆ ಅಲುಗಾಡಿಸಿದರು. ಮೇಜಿನ ಮೇಲೆ ಜೋಳ ಉದುರಿತು.

“ಇದು ಯಾರ ಕೆಲಸ ಸರ್?”

“ಬಾಜೂ ಮನಿಯವ್ರು ಸ್ವಲ್ಪ ನೋಡಿದ್ರು,” ಎಂದೆ. ಮಾಸ್ತರನಾದವನು ಸುಳ್ಳು ಹೇಳಬಾರದು. ಹೇಳಿದೆ.

“ಅವರ ಕೈಗಿ ಮತ್ತ ಕೊಡಬ್ಯಾಡ್ರಿ,” ಎಂದ ರಫೀಕ್ ಭಾಯಿ ಚಾರ್ಜರನ್ನು ತಿರುಗಿಸಿ ನೋಡಿ ನಕ್ಕರು. “ಪ್ರೊಸೆಸರ್ ತಂದುರುಸ್ತ್ ಅದರಿ, ಅದಕ್ಕ ಏನೂ ಆಗಿಲ್ಲ. ಚಾರ್ಜರ್ ಇದರದಲ್ಲ, ಸಣ್ಣ ಮಷೀನಿಂದು. ಕರೆಂಟ್ ಸಾಲಂಗಿಲ್ಲ, ಅದಕ್ಕ ಪಾಪ ಮೆಲ್ಲಕ ನಡೀತದ. ಫ್ಯಾನ್ ಬಿಚ್ಚಿ ಒಣಗಸಬೇಕು. ಸೋಮವಾರ ಬರ್ರಿ.”

ಬೇಸಿಗೆ ರಜೆ ಬಿಟ್ಟ ದಿನ, ಸ್ಟಾಫ್‌ರೂಮಿನಲ್ಲಿ ಪಕ್ಕದ ಮಾಸ್ತರರ ಚಾರ್ಜರನ್ನು ನನ್ನದೆಂದು ನೀಟಾಗಿ ಸುತ್ತಿಕೊಂಡು ಬಂದವನು ನಾನೇ! ಗಡಿಯಾರ ನೋಡಿದೆ. ಎರಡೂವರೆ. ಹನ್ನೆರಡು ವರ್ಷ ಬಸ್ಸಿನಲ್ಲಿ ನಿಂತು ಓಡಾಡಿದವಳ ಅವಕಾಶವನ್ನು ನನ್ನ ಜಂಬ ಒಂದೇ ದಿನದಲ್ಲಿ ನುಂಗಿತ್ತು. ನಿಜವಾಗಿ ನಾಚಿಕೆಯಾಯಿತು. ಏನು ಹೇಳಲಿ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಮನೆಗೆ ಬಂದೆ.

ಪ್ರೇಮಲತಾ ಇಸ್ತ್ರಿ ಸೀರೆ ಉಟ್ಟು ಮೇಜಿನ ಮುಂದೆ ಕುಳಿತಿದ್ದಳು. ಎದುರಿಗೆ ಬೇರೊಂದು ಲ್ಯಾಪ್‌ಟಾಪ್. ಪಕ್ಕದಲ್ಲಿ ಹಲಬರ್ಗಾದ ಅಕ್ಕ ನೀರು ಕುಡಿಯುತ್ತಿದ್ದರು.

“ನೀವು ಜೋಳದಾಗ ಹುಗಿದಾಗೇ ಅಕ್ಕಗ ಫೋನ್ ಹಚ್ಚೀನಿ ರಿ. ಈಗ ಹೊರಗ ಕೂಡ್ರಿ. ಯಾವ ವಾಯರೂ ಮುಟ್ಟಬ್ಯಾಡ್ರಿ.”

ಬಾಯಿಪಾಠ ಮಾಡಿದ್ದೆಲ್ಲ ಮರೆತು ಹೊರಗೆ ಹೋದೆ. ಬಾಗಿಲಿಗೆ ಕಿವಿ ಹಚ್ಚಿದೆ. ಒಳಗೆ ಸಂದರ್ಶಕರೊಬ್ಬರು ಕೇಳಿದರು: “ರೋಗಿಯ ಸ್ಥಿತಿ ಇದ್ದಕ್ಕಿದ್ದಂತೆ ಬಿಗಡಾಯಿಸಿದರೆ ಏನು ಮಾಡುತ್ತೀರಿ?”

“ತಡಾ ಮಾಡದೆ ಡಾಕ್ಟರಿಗಿ ಫೋನ್ ಹಚ್ತೇನಿ ರಿ,” ಅಂದಳು ಪ್ರೇಮಲತಾ. “ಅವರು ಬರೋತನಕ ನಾನು ರೋಗಿ ಬಾಜೂಕೇ ಇರ್ತೇನಿ. ‘ನನಗೆಲ್ಲ ಗೊತ್ತದ’ ಅಂತ ಕೈ ಹಾಕ್ಲಾಕ ಬರೋ ಸಂಬಂಧಿಕರಿಗಿ ಮಾತ್ರ ಮೊದಲ ಹೊರಗ ಕೂಡಸ್ತೇನಿ.”

“ಇದು ಅನುಭವದ ಮಾತು!” ಎಂದು ಅವರೆಲ್ಲ ಮೆಚ್ಚಿ ನಕ್ಕರು. ಆ ಉತ್ತರಕ್ಕೇ ಹುದ್ದೆ ಸಿಕ್ಕಿತು ಎಂದು ಪ್ರೇಮಲತಾ ಇವತ್ತಿಗೂ ಹೇಳುತ್ತಾಳೆ.

ಆ ಅನುಭವ ಆಗ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೈ ಕಟ್ಟಿಕೊಂಡು ಕುಳಿತಿತ್ತು!