ಭಾವನ ಬೋಟಿಗೆ ಕೂಲೆಂಟ್ ಹಾಕಿದ್ದು

ಊರವರ ಪಂಪ್‌ಸೆಟ್ ಬಿಚ್ಚುವಾಗ ನನ್ನ ಕೈ ತಪ್ಪುವುದಿಲ್ಲ. ಹೆಂಡತಿಯ ಅಣ್ಣನ ಬೋಟು ಹತ್ತಿದೆನೋ, ಮರ್ಯಾದೆ ಕಳೆಯುವ ಕೆಲಸ ಒಂದಲ್ಲ ಒಂದು ಕಾದು ಕೂತಿರುತ್ತದೆ.

ಕೋಟೇಶ್ವರದಲ್ಲಿ ನನ್ನದು ಪಂಪ್‌ಸೆಟ್, ಟಿಲ್ಲರ್ ರಿಪೇರಿಯ ಸಣ್ಣ ಅಂಗಡಿ. ಹೆಂಡತಿಯ ತವರು ಉಪ್ಪುಂದ. ಅವಳ ಅಣ್ಣ ಗಂಗೊಳ್ಳಿಯಲ್ಲಿ ಮೀನಿನ ಬೋಟು ಇಟ್ಟವರು. ನಾನು ಅವರಿಗೆ ಭಾವ ಅನ್ನುತ್ತೇನೆ, ಅವರೂ ನನಗೆ ಭಾವ ಅನ್ನುತ್ತಾರೆ. ಅಳಿಯನೇ ಮೆಕ್ಯಾನಿಕ್ ಆಗಿರುವಾಗ ಹೊರಗಿನವರು ಯಾಕೆ ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದರು. ಅಲ್ಲಿಗೆ ನನ್ನ ಮಾನ, ಹೆಂಡತಿಯ ಮಾನ ಎರಡೂ ಆ ಎಂಜಿನ್ನಿನೊಳಗೆ ಹೋಗಿ ಕೂತವು.

ನೀರಿಲ್ಲದ ಎಂಜಿನ್

ಕೂಲೆಂಟ್ ಅಂದರೆ ಎಂಜಿನ್ ಕಾಯದಂತೆ ಅದರೊಳಗೆ ಸುತ್ತುವ ಬಣ್ಣದ ನೀರು. ಹಳೆಯದನ್ನು ಇಳಿಸಿ ಹೊಸತು ತುಂಬಬೇಕಿತ್ತು. ಬೋಟಿನ ಎಂಜಿನ್ ಇರುವುದು ಹಲಗೆಯ ಕೆಳಗಿನ ಇಕ್ಕಟ್ಟಿನಲ್ಲಿ. ಅಂಗಾತ ನುಸುಳಿ ಕೆಳಗಿನ ನಲ್ಲಿ ತಿರುಗಿಸಿದೆ. ನಾಲ್ಕು ಹನಿ ಬಿದ್ದು ನಿಂತಿತು. ಇದರಲ್ಲಿ ನೀರೇ ಇಲ್ಲ, ಇಷ್ಟು ದಿನ ಹೇಗೆ ಓಡಿಸಿದಿರಿ ಎಂದು ಮಲಗಿದಲ್ಲಿಂದಲೇ ಭಾವನಿಗೆ ಬುದ್ಧಿ ಹೇಳತೊಡಗಿದೆ.

ಅವರು ಗಾಬರಿಯಾಗಿ ಮೇಲಿನ ಮುಚ್ಚಳ ತೆಗೆದು ನೋಡಿದರು. ಮುಚ್ಚಳ ತೆಗೆದು ಗಾಳಿ ಬಿಡದೆ ನೀರು ಇಳಿಯುವುದಿಲ್ಲ ಎಂಬುದು ನನಗೆ ನೆನಪಾದದ್ದು, ಅಷ್ಟೂ ನೀರು ನನ್ನ ಮುಖ, ಎದೆಯ ಮೇಲೆ ಸುರಿದಾಗಲೇ.

ಭಾವ ಬಗ್ಗಿ ನೋಡಿದರು. "ನೀವ್ ಹೇಳದ್ ಸರಿ ಭಾವ. ಈಗ ಎಂಜಿನ್ನಂಗೆ ನೀರಿಲ್ಲೆ," ಎಂದರು.

ಆ ದಿನದ ಮೀನು

ಹೊಸ ಕೂಲೆಂಟನ್ನು ಬಾಯಿವರೆಗೆ ತುಂಬಿಸಿ, ಆಯಿತು ಎಂದೆ. ಒಳಗೆ ಗಾಳಿ ಸಿಕ್ಕಿಕೊಂಡರೆ ಬಾಯಿ ತುಂಬಿದರೂ ಹೊಟ್ಟೆ ಖಾಲಿ ಇರುತ್ತದೆ. ಆ ಗಾಳಿ ಬಿಡಿಸಲು ಮರೆತಿದ್ದೆ. ರಿಪೇರಿ ಮಾಡಿದವನು ಮೊದಲ ಸವಾರಿಗೆ ಬರಲೇಬೇಕು ಎಂಬುದು ಭಾವನ ಕಟ್ಟಳೆ. ದಡ ಕಣ್ಣಿಗೆ ಕಾಣುತ್ತಿದ್ದ ದೂರದಲ್ಲೇ ಎಂಜಿನ್ ಕಾದು ನಿಂತಿತು. ಬೇರೆ ಬೋಟಿನವರು ಹಗ್ಗ ಕಟ್ಟಿ ನಮ್ಮನ್ನು ಎಳೆದು ತಂದರು.

ಬಂದರಿನಲ್ಲಿ ಜನವೋ ಜನ. ನಾನು ಬಲೆಯ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಬುಟ್ಟಿ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಕೂಗಿ ಕೇಳಿದಳು: "ಹ್ವಾಯ್, ಎಂತ ಮೀನ್ ಸಿಕ್ತ್?"

"ಒಂದೇ ಸಿಕ್ಕದ್," ಅಂದರು ಭಾವ. "ಬಲೆ ಹಿಂದ್ ಕೂಕಂಡಿತ್ತ್ ಕಾಣಿ."

ಮುಂದಿನ ವರ್ಷ ಮಲ್ಪೆಯಿಂದ ಮೆಕ್ಯಾನಿಕ್ ಕರೆಸುತ್ತೇನೆ ಎಂದು ಅವರು ಅಂದೇ ಹೇಳಿಬಿಟ್ಟರು. ಹೆಂಡತಿ ತಿಂಗಳುಗಟ್ಟಲೆ ತವರಿಗೆ ಹೋಗುವ ಮಾತೇ ಎತ್ತಲಿಲ್ಲ. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಕೊನೆಗೆ ಅವಳೇ ಅಣ್ಣನ ಹತ್ತಿರ ಹೋಗಿ, ನನಗೆ ಇನ್ನೊಂದು ಅವಕಾಶ ಕೇಳಿಕೊಂಡು ಬಂದಳು.

ಬಣ್ಣದ ಆಯ್ಕೆ

ಕೂಲೆಂಟ್ ತರಲು ಬ್ರಹ್ಮಾವರಕ್ಕೆ ಹೋದೆ. ಯಾವುದು ಬೇಕು ಎಂದು ಅಂಗಡಿಯವರು ಕೇಳಿದರು. ಎಂಜಿನ್ನಿನ ವಿವರ ಹೇಳಬೇಕಾದ ನಾನು, ಬೋಟು ಕೆಂಪು, ಅತ್ತೆಗೂ ಕೆಂಪೇ ಶುಭ, ಹಾಗಾಗಿ ಕೆಂಪು ಕೊಡಿ ಎಂದೆ. ಅವರು ಡಬ್ಬ ಕೆಳಗಿಳಿಸುತ್ತಾ, ಸೀರೆಯನ್ನೂ ತಂದಿದ್ದರೆ ರವಿಕೆ ಕಣ ಹೊಂದಿಸಲು ಸುಲಭವಾಗುತ್ತಿತ್ತು ಎಂದರು.

ದೃಷ್ಟಿ

ಮಳೆಗಾಲ ಮುಗಿದು ಬೋಟು ಕಡಲಿಗಿಳಿಯುವ ದಿನ. ಪೂಜೆಗೆ ಭಟ್ಟರು, ನೆಂಟರಿಷ್ಟರು ಎಲ್ಲ ಬಂದಿದ್ದರು. ನಾನು ಈ ಸಲ ಮೊದಲು ಮುಚ್ಚಳ ತೆಗೆದೆ, ಹಳೆಯ ನೀರು ಇಳಿಸಿದೆ, ಬಕೆಟ್ಟಿನಲ್ಲಿ ಹೊಸ ಕೂಲೆಂಟ್ ಬೆರೆಸಿಟ್ಟು ಕೈ ತೊಳೆದು ಬಂದೆ. ತುಂಬಿಸಿ, ಗಾಳಿ ಬಿಡಿಸಿ, ಎಂಜಿನ್ ಚಾಲು ಮಾಡಿದೆ. ಒಳ್ಳೆಯ ಸದ್ದು. ಭಾವ ಹೆಗಲ ಮೇಲೆ ಕೈ ಇಟ್ಟರು. ದೂರದಲ್ಲಿ ಹೆಂಡತಿ ತಲೆ ಎತ್ತಿ ನಿಂತದ್ದು ಕಂಡಿತು.

ಅಷ್ಟರಲ್ಲಿ ಅತ್ತೆ ಬೋಟಿನ ದೃಷ್ಟಿ ತೆಗೆಯಲು ಬಂದರು. ಅದಕ್ಕೆಂದೇ ಅರಿಶಿನ, ಸುಣ್ಣ ಕಲಸಿದ ಕೆಂಪು ನೀರನ್ನು ಅವರೂ ಒಂದು ಬಕೆಟ್ಟಿನಲ್ಲಿ ಮಾಡಿ, ನನ್ನ ಬಕೆಟ್ಟಿನ ಪಕ್ಕದಲ್ಲೇ ಇಟ್ಟಿದ್ದರಂತೆ. ಉಳಿದಿದ್ದ ಬಕೆಟ್ಟಿಗೆ ಕೈ ಅದ್ದಿ, ಮೂಸಿ ನೋಡಿದರು.

"ಇದೆಂಥದ್, ಅರ್ಶಿನದ ವಾಸ್ನೆಯೇ ಇಲ್ಲೆ? ಕೈಯೆಲ್ಲ ಅಂಟ್."

ಅರಿಶಿನದ ವಾಸನೆ ಎಂಜಿನ್ನಿನ ಕಡೆಯಿಂದ ಬರುತ್ತಿತ್ತು.

ಅಷ್ಟು ಜನರೆದುರು ನಾನೇ ಬಾಯಿಬಿಟ್ಟು ಎಂಜಿನ್ ನಿಲ್ಲಿಸಲು ಹೇಳಬೇಕಾಯಿತು. ಭಟ್ಟರು ಮಂತ್ರ ನಿಲ್ಲಿಸಿದರು. ನಾನು ಯಾರ ಮುಖವನ್ನೂ ನೋಡದೆ ಮತ್ತೆ ಹಲಗೆಯ ಕೆಳಗೆ ನುಸುಳಿದೆ. ಜೀವಮಾನವಿಡೀ ಅಲ್ಲೇ ಇದ್ದುಬಿಡೋಣ ಅನ್ನಿಸಿತು.

ಇಳಿಸಿದ ನೀರನ್ನು ಚೆಲ್ಲಬೇಡಿ, ತನ್ನಿ ಎಂದು ಅತ್ತೆ ಕರೆದರು. ತಂದುಕೊಟ್ಟೆ. ಬೋಟಿನ ಕಡೆ ತಿರುಗುತ್ತಾರೆ ಅಂದುಕೊಂಡರೆ, ನನ್ನನ್ನೇ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದರು. "ದೃಷ್ಟಿ ಬಿದ್ದದ್ ಬೋಟಿಗಲ್ಲ, ನಮ್ ಅಳಿಯಂಗೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಆ ಬಕೆಟ್ಟನ್ನು ನನಗೇ ನಿವಾಳಿಸತೊಡಗಿದರು. ಇಡೀ ಬಂದರು ನೋಡುತ್ತಿತ್ತು. ನಾನು ಕೈಮುಗಿದು, ಕಣ್ಣು ಮುಚ್ಚಿ ನಿಂತೆ.

ಹಿಂದಿನಿಂದ ಭಾವನ ದನಿ ಕೇಳಿತು. "ಇನ್ನೊಂದ್ ಸುತ್ತ್ ನಿವಾಳ್ಸ್ ಅಮ್ಮ. ಬಪ್ಪ್ ವರ್ಷವೂ ಇವ್ರೇ ಬಪ್ಪುದ್."